ಕಿತ್ತಳೆ, ಕಂದು, ಲಿಂಬೆ ಹಸಿರು: ಅತ್ತೆಯ ಟ್ರಂಕಿನ ಹೆಣಿಗೆ ಹಾಳೆಗಳು

ಪ್ರಶ್ನೆ: ನಮ್ಮ ಸೋದರತ್ತೆ, ಮಾವ 1969ರಲ್ಲಿ ಇಂಗ್ಲೆಂಡಿಗೆ ಹೋದವರು. ಮಾವ ಡಾಕ್ಟರು. ಯಾರ್ಕ್‌ಷೈರ್ ಕಡೆ ಹನ್ನೊಂದು ವರ್ಷ ಇದ್ದು ಮೈಸೂರಿಗೆ ವಾಪಸಾದರು. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ನಲವತ್ತರಷ್ಟು ಹಳೆಯ ಹೆಣಿಗೆ ಪತ್ರಿಕೆ ಮತ್ತು ಬಿಡಿ ಹಾಳೆಗಳು ಸಿಕ್ಕವು. ತೆರೆದರೆ ಕಣ್ಣು ಕುಕ್ಕುತ್ತದೆ. ಒಂದರಲ್ಲಂತೂ ಕಿತ್ತಳೆ, ಕಂದು, ಲಿಂಬೆ ಹಸಿರಿನ ಅಂಕುಡೊಂಕು ಪಟ್ಟೆಗಳ ಉದ್ದನೆಯ ಟ್ಯೂನಿಕ್, ಜೊತೆಗೆ ಅದೇ ಬಣ್ಣದ ಹೆಣೆದ ಪ್ಯಾಂಟು! ಅತ್ತೆ ಬಹಳ ಅಚ್ಚುಕಟ್ಟಿನ ಹೆಂಗಸು. ಅವರು ಇದನ್ನೇಕೆ ಇಷ್ಟು ವರ್ಷ ಜೋಪಾನ ಮಾಡಿದರು? ಆ ಕಾಲದವರಿಗೆ ಇದು ಅತಿ ಅನ್ನಿಸುತ್ತಿರಲಿಲ್ಲವೇ? ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳಿವೆ, ‘ಕೈ 2 ಇಂಚು ಕಮ್ಮಿ, ಉದ್ದ 1 ಇಂಚು ಕಮ್ಮಿ’ ಎಂದಿದೆ, ಕೆಳಗೆ ‘ನೇ 12, ಬೂ 4, ಕಿ 1’ ಎಂದು ಏನೋ ಲೆಕ್ಕ. ಅವರ ನೆನಪಿಗೆ ಟ್ಯೂನಿಕ್ ಹೆಣೆಯೋಣವೆಂದು ಆನ್‌ಲೈನಿನಲ್ಲಿ 8ನೇ ನಂಬರಿನ ಕಡ್ಡಿ ತರಿಸಿ, ಹೇಳಿದಂತೆ 99 ಕುಣಿಕೆ ಹಾಕಿ ಶುರು ಮಾಡಿದೆ. ಅರ್ಧ ಬೆನ್ನು ಆಗುವಷ್ಟರಲ್ಲಿ ಇಬ್ಬರು ಹೊಕ್ಕುವಷ್ಟು ಅಗಲವಾಗಿದೆ. ಎಲ್ಲಿ ತಪ್ಪಿದೆ?
ಓದುಗರು, ಮೈಸೂರು

ಉತ್ತರ: ಮೊದಲು ಆ ಬೆನ್ನಿನ ಭಾಗ ಬಿಚ್ಚಿಬಿಡಿ. ಬಣ್ಣದ ಕತೆ ಆಮೇಲೆ ಹೇಳುತ್ತೇನೆ. ಅದು ಉದ್ದ ಇದೆ, ಓದಿ ಮುಗಿಸುವಷ್ಟರಲ್ಲಿ ನೀವು ಇನ್ನೂ ನಾಲ್ಕು ಇಂಚು ಹೆಣೆದು ಕೂತಿದ್ದರೆ ಸಂಕಟ.

ನಿಮ್ಮ ಕೈಯಲ್ಲಿ ದೋಷವಿಲ್ಲ, ನಂಬರಿನಲ್ಲಿದೆ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣಗಾಗುತ್ತದೆ, ತಂತಿಯ ಗೇಜು ಇದ್ದಂತೆ. 14 ಎಂದರೆ 2 ಮಿಲಿಮೀಟರು, 10 ಎಂದರೆ 3.25, ನಿಮ್ಮ ಹಾಳೆ ಹೇಳುವ 8 ಎಂದರೆ 4. ಅಮೆರಿಕದವರದು ಇದರ ತಿರುಗುಮುರುಗು, ನಂಬರು ಏರಿದರೆ ಕಡ್ಡಿ ದಪ್ಪ. ಅವರ 8 ಎಂದರೆ 5 ಮಿಲಿಮೀಟರು. ನಿಮಗೆ ಬಂದಿರುವುದು ಅದೇ. ಒಂದೇ ಒಂದು ಮಿಲಿಮೀಟರು ತಾನೇ ಅನ್ನಬೇಡಿ. ಡಬಲ್ ನಿಟಿಂಗ್ ಎಂಬ ಮಧ್ಯಮ ದಪ್ಪದ ದಾರವನ್ನು 4 ಮಿಲಿಮೀಟರಿನಲ್ಲಿ ಹೆಣೆದರೆ 4 ಇಂಚಿಗೆ 22 ಕುಣಿಕೆ ಕೂರುತ್ತವೆ, 99 ಕುಣಿಕೆಗೆ 18 ಇಂಚು. 5 ಮಿಲಿಮೀಟರಿನಲ್ಲಿ 4 ಇಂಚಿಗೆ ಸುಮಾರು 18 ಕುಣಿಕೆ, ಅದೇ 99ಕ್ಕೆ 22 ಇಂಚು. ಬೆನ್ನಿಗೆ ನಾಲ್ಕು, ಎದೆಗೆ ನಾಲ್ಕು ಸೇರಿ 36 ಇಂಚಿನ ಉಡುಪು 44 ಇಂಚು ಆಯಿತು. ಅಂಕುಡೊಂಕು ಹೆಣಿಗೆಯಲ್ಲಿ ಅಗಲ ಒಂದಿಷ್ಟು ಆಚೀಚೆ ಆಗುವುದುಂಟು, ಆದರೂ ನಿಮ್ಮ ‘ಇಬ್ಬರು’ ಎಲ್ಲಿಂದ ಬಂದರು ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ತಮಾಷೆಯೆಂದರೆ ನೀವು ಆನ್‌ಲೈನಿಗೆ ಹೋಗದೆ ಪೇಟೆಯ ಉಲ್ಲನ್ ಅಂಗಡಿಗೆ ಹೋಗಿದ್ದರೆ ಈ ಫಜೀತಿ ಆಗುತ್ತಿರಲಿಲ್ಲ. ನಮ್ಮಲ್ಲೇ ತಯಾರಾಗುವ ಕಡ್ಡಿಗಳ ತಲೆಯ ಮೇಲೆ ಇವತ್ತಿಗೂ ಹೆಚ್ಚಾಗಿ ಆ ಹಳೆಯ ಬ್ರಿಟಿಷ್ ನಂಬರೇ ಇರುತ್ತದೆ. ಬ್ರಿಟನ್ನಿನವರು 1970ರ ದಶಕದಲ್ಲಿ ಮಿಲಿಮೀಟರಿಗೆ ಬದಲಾದರು, ನಮ್ಮ ಅಂಗಡಿಯ ಡಬ್ಬಿಗಳು ಬದಲಾಗಲಿಲ್ಲ. ಇನ್ನು ಮುಂದೆ ನಂಬರು ಮರೆತು ಮಿಲಿಮೀಟರು ಮಾತ್ರ ಕೇಳಿ.

ದಾರದ ತೂಕಕ್ಕೂ ಇದೇ ಎಚ್ಚರ ಬೇಕು. ಹಾಳೆಯಲ್ಲಿ ಔನ್ಸಿನ ಉಂಡೆಗಳ ಲೆಕ್ಕವಿರುತ್ತದೆ. ಒಂದು ಔನ್ಸ್ ಎಂದರೆ 28 ಗ್ರಾಮಿಗೆ ಸ್ವಲ್ಪ ಮೇಲೆ. ನೀವು ಕಳಿಸಿದ ಫೋಟೋದಲ್ಲಿ ಟ್ಯೂನಿಕ್ಕಿಗೆ ಕಿತ್ತಳೆ 7, ಕಂದು 6, ಹಸಿರು 5, ಒಟ್ಟು 18 ಉಂಡೆ ಎಂದಿದೆ. ಅಂದರೆ 510 ಗ್ರಾಂ. ಈಗಿನ 50 ಗ್ರಾಮಿನ ಉಂಡೆ ತಂದರೆ 11 ಬೇಕು. ಆದರೆ ತೂಕ ಅರ್ಧ ಸತ್ಯ. ಅಕ್ರಿಲಿಕ್ ದಾರ ಉಣ್ಣೆಗಿಂತ ಹಗುರ, ನೂರು ಗ್ರಾಮಿನಲ್ಲಿ ಹೆಚ್ಚು ಉದ್ದ ಬರುತ್ತದೆ. ಹತ್ತಿ ಉಣ್ಣೆಗಿಂತ ಭಾರ, ಅಷ್ಟೇ ತೂಕಕ್ಕೆ ಉದ್ದ ಕಮ್ಮಿ. ಹಾಗಾಗಿ ಲೇಬಲ್ಲಿನ ಮೇಲೆ ಮೀಟರು ನೋಡಿ ತರಬೇಕು. ಇನ್ನು ‘ಪ್ಲೈ’ ಎಂಬ ಮಾತನ್ನು ನಂಬಲೇಬೇಡಿ. ಬ್ರಿಟನ್ನಿನಲ್ಲಿ 3 ಪ್ಲೈ, 4 ಪ್ಲೈ ಎನ್ನುವುದು ದಾರದ ದಪ್ಪಕ್ಕೆ ರೂಢಿಯಾದ ಹೆಸರು. ನಮ್ಮ ಅಂಗಡಿಯಲ್ಲಿ ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಎಂಬ ಎಣಿಕೆ, ಅಷ್ಟೇ. ನಾಲ್ಕು ದಪ್ಪ ಎಳೆ ಹೊಸೆದರೂ 4 ಪ್ಲೈ, ನಾಲ್ಕು ಸಣ್ಣ ಎಳೆ ಹೊಸೆದರೂ 4 ಪ್ಲೈ. ಸ್ಕೇಲಿಗೆ ದಾರ ಸುತ್ತಿ ನೋಡಿ. ಎಳೆಯದೆ, ಒತ್ತದೆ, ಪಕ್ಕಪಕ್ಕ ಸುತ್ತಿದಾಗ ಒಂದಿಂಚಿನಲ್ಲಿ 12ರ ಆಸುಪಾಸು ಸುತ್ತು ಬಂದರೆ ಡಬಲ್ ನಿಟಿಂಗಿಗೆ ಹತ್ತಿರ. ಆಮೇಲೆ 30 ಕುಣಿಕೆ ಹಾಕಿ ಅಂಗೈಗಿಂತ ದೊಡ್ಡದೊಂದು ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 4 ಇಂಚು ಅಳೆಯಿರಿ. ಮೂವತ್ತು ವರ್ಷದಿಂದ ಹೆಣಿಗೆ ಹೇಳಿಕೊಡುತ್ತಿದ್ದೇನೆ, ಈ ತುಂಡು ಹೆಣೆಯಿರಿ ಎಂದಾಗ ಮುಖ ಸಿಂಡರಿಸದ ಒಬ್ಬರನ್ನೂ ನೋಡಿಲ್ಲ.

ಈಗ ಬಣ್ಣದ ವಿಷಯ.

ಈ ಹಾಳೆಗಳು ಹೆಣೆಯುವವರಿಗೋಸ್ಕರ ಹುಟ್ಟಿದವಲ್ಲ, ದಾರ ಮಾರುವುದಕ್ಕೆ ಹುಟ್ಟಿದವು. ಅತ್ತೆ ಇದ್ದ ಯಾರ್ಕ್‌ಷೈರ್ ಬ್ರಿಟನ್ನಿನ ಉಣ್ಣೆ ಗಿರಣಿಗಳ ತವರು. ಹ್ಯಾಲಿಫ್ಯಾಕ್ಸಿನ ಬಾಲ್ಡ್‌ವಿನ್ ಮತ್ತು ಸ್ಕಾಟ್ಲೆಂಡಿನ ಅಲೋವಾದ ಪ್ಯಾಟನ್ 1920ರಲ್ಲಿ ಒಂದಾಗಿ ಪ್ಯಾಟನ್ಸ್ ಅಂಡ್ ಬಾಲ್ಡ್‌ವಿನ್ಸ್ ಆದವು. ಬ್ರಾಡ್‌ಫರ್ಡಿನಲ್ಲಿ ಲಿಸ್ಟರ್. ವೇಕ್‌ಫೀಲ್ಡಿನಲ್ಲಿ ಸರ್ದಾರ್. ಹೌದು, ನಮ್ಮ ಸರ್ದಾರನೇ. ಈಜಿಪ್ಟಿನ ಸೈನ್ಯಕ್ಕೆ ‘ಸಿರ್ದಾರ್’ ಆಗಿದ್ದ ಲಾರ್ಡ್ ಕಿಚನರ್ ಗೌರವಕ್ಕೆ ಇಟ್ಟ ಹೆಸರು. ನಿಮ್ಮ ಬಿಡಿ ಹಾಳೆಗಳ ಮೂಲೆಯಲ್ಲಿ ಈ ಹೆಸರುಗಳಲ್ಲಿ ಒಂದಾದರೂ ಕಂಡೇ ಕಾಣುತ್ತದೆ. ಕೆಲವು ಪೆನ್ಸಿಗೆ ಹಾಳೆ ಮಾರಿ ಗಿರಣಿ ಉದ್ಧಾರವಾಗಲಿಲ್ಲ, ಹಾಳೆ ನೋಡಿ ನೀವು ಹದಿನೆಂಟು ಉಂಡೆ ಕೊಂಡರೆ ಉದ್ಧಾರ. ನಮ್ಮ ದಾರವನ್ನೇ ಬಳಸಿ, ಬೇರೆಯದು ಬಳಸಿ ಅಳತೆ ಕೆಟ್ಟರೆ ನಾವು ಹೊಣೆಯಲ್ಲ ಎಂಬ ಎಚ್ಚರಿಕೆ ಕೆಳಗೆ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಪತ್ರಿಕೆಗಳ ಕತೆಯೂ ಇದಕ್ಕಿಂತ ದೂರವಲ್ಲ. 1932ರಿಂದ 1982ರವರೆಗೆ ನಡೆದ ‘ಸ್ಟಿಚ್‌ಕ್ರಾಫ್ಟ್’ ಪ್ಯಾಟನ್ಸ್ ದಾರಕ್ಕೆ ಅಂಟಿಕೊಂಡೇ ಬೆಳೆದದ್ದು.

ಬೀದಿಯಲ್ಲಿ ಹೋಗುವವಳು ಅಂಗಡಿ ಕಿಟಕಿಯ ಮುಂದೆ ನಿಲ್ಲಬೇಕು. ಬೂದು ಬಣ್ಣದ ಕಾರ್ಡಿಗನ್ ಹಾಕಿದ ಹೆಂಗಸಿನ ಫೋಟೋ ಅವಳನ್ನು ನಿಲ್ಲಿಸುವುದಿಲ್ಲ. ಕಿತ್ತಳೆ ಪ್ಯಾಂಟು ನಿಲ್ಲಿಸುತ್ತದೆ. ಕೊಳ್ಳದಿದ್ದರೂ ಬೈದುಕೊಂಡಾದರೂ ನಿಲ್ಲುತ್ತಾಳೆ, ಒಳಗೆ ಹೋಗಿ ನೇವಿ ಬ್ಲೂ ಉಂಡೆ ಕೊಂಡು ಬರುತ್ತಾಳೆ. ಈ ನೇವಿ ಬ್ಲೂ ನೆನಪಿಟ್ಟುಕೊಳ್ಳಿ. ಸುಂದರ ಮುಖಗಳನ್ನೂ ಇದಕ್ಕೇ ತರುತ್ತಿದ್ದರು. ಮುಂದೆ ಜೇಮ್ಸ್ ಬಾಂಡ್ ಆದ ರಾಜರ್ ಮೂರ್ 1950ರ ದಶಕದಲ್ಲಿ ಸ್ವೆಟರು ತೊಟ್ಟು ಇಂಥ ಹಾಳೆಗಳಿಗೆ ಪೋಸು ಕೊಟ್ಟವರು. ಟ್ರಂಕಿನ ತಳದಲ್ಲಿ ಇದ್ದರೂ ಇದ್ದಾರು, ನೋಡಿ.

ಸರಿ, ಕಿಟಕಿಗೆ ಬಣ್ಣ ಬೇಕು. ಆದರೆ ಈ ಕಿತ್ತಳೆಯೇ ಏಕೆ, ಈ ಹಸಿರೇ ಏಕೆ? ಇದರ ಉತ್ತರ ರಸಾಯನದಲ್ಲಿದೆ. ಉಣ್ಣೆಗೆ ತನ್ನದೇ ಒಂದು ಕೆನೆಹಳದಿ ಛಾಯೆ ಇದೆ, ಯಾವ ಬಣ್ಣ ಹಾಕಿದರೂ ಅದರಡಿ ಆ ಹಳದಿ ಕೂತಿರುತ್ತದೆ. (ನಮ್ಮ ಡೆಕ್ಕನಿ ಕುರಿಯ ಉಣ್ಣೆಯಂತೂ ಬಹುಪಾಲು ಕಪ್ಪೇ. ಕಂಬಳಿ ಕಪ್ಪಗಿರುವುದು ಕುರುಬರಿಗೆ ಬಣ್ಣದ ಮೇಲೆ ಸಿಟ್ಟಿದ್ದುದರಿಂದಲ್ಲ.) 1950ರಲ್ಲಿ ಅಮೆರಿಕದ ಡುಪಾಂಟ್ ಆರ್ಲಾನ್ ಎಂಬ ಅಕ್ರಿಲಿಕ್ ನಾರನ್ನು ಮಾರುಕಟ್ಟೆಗೆ ತಂದಿತು. ಹಿಂದೆಯೇ ಆಕ್ರಿಲಾನ್, ಬ್ರಿಟನ್ನಿನ ಕೋರ್ಟಾಲ್ಡ್ಸ್ ಕಂಪನಿಯ ಕೋರ್ಟೆಲ್, ಜಪಾನಿನ ಕ್ಯಾಶ್ಮಿಲಾನ್ ಬಂದವು. ಕೊನೆಯದರ ಹೆಸರು ನಮ್ಮ ಅಮ್ಮಂದಿರ ಬಾಯಲ್ಲಿ ಎಲ್ಲ ಕೃತಕ ಉಲ್ಲನ್ನಿಗೂ ಅಂಟಿಕೊಂಡು ಕೂತಿತು. ಈ ನಾರಿಗೆ ಬಣ್ಣ ಹಿಡಿಸಲು ಬಳಸಿದ್ದು ಬಹಳ ಹಳೆಯ ಒಂದು ಬಣ್ಣದ ಕುಲ. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಲಂಡನ್ನಿನಲ್ಲಿ ಕಂಡುಹಿಡಿದ ನೇರಳೆ ಬಣ್ಣವೂ ಅದೇ ಕುಲದ್ದು. ಆ ಬಣ್ಣಗಳು ಉರಿಯುವಷ್ಟು ಉಜ್ವಲ, ಆದರೆ ರೇಷ್ಮೆಯ ಮೇಲೆ, ಉಣ್ಣೆಯ ಮೇಲೆ ಬಿಸಿಲಿಗೆ ಬೇಗ ಮಾಸುತ್ತಿದ್ದವು. ಅಕ್ರಿಲಿಕ್ಕಿನ ಮೇಲೆ ಮಾತ್ರ ಗಟ್ಟಿಯಾಗಿ ಕೂತವು. ಒಗೆದರೆ ಹೋಗದ, ಬಿಸಿಲಿಗೆ ಸುಲಭವಾಗಿ ಮಾಸದ ಕಿತ್ತಳೆ ಮನೆಯ ಹೆಣಿಗೆ ಬುಟ್ಟಿಗೆ ಬಂದದ್ದು ಹೀಗೆ. ಹೊಸದಾಗಿ ಕೈಗೆ ಸಿಕ್ಕಿದ್ದನ್ನು ಜನ ಮೊದಮೊದಲು ಮಿತಿಮೀರಿ ಬಳಸುತ್ತಾರೆ. ಕಲರ್ ಟೀವಿ ಬಂದ ಹೊಸದರಲ್ಲಿ ನಮ್ಮ ಮನೆಗಳಲ್ಲಿ ಬಣ್ಣದ ಬಟನ್ನು ಪೂರ್ತಿ ಏರಿಸಿಟ್ಟಿದ್ದು ಮರೆತಿದ್ದೀರಾ?

ಇನ್ನೊಂದು ಕಾರಣ ನನ್ನ ಊಹೆ, ಆದರೆ ಬರಿಯ ಊಹೆಯಲ್ಲ. ಆ ಗಿರಣಿ ಊರುಗಳಲ್ಲಿ ಅದಕ್ಕೆ ಮುಂಚೆ ಕಲ್ಲಿದ್ದಲ ಹೊಗೆ. ಒಣಹಾಕಿದ ಬಟ್ಟೆಯ ಮೇಲೆ ಮಸಿ ಬೀಳುತ್ತಿತ್ತು. ತಿಳಿಬಣ್ಣ ತೊಟ್ಟು ಹೊರಗೆ ಹೋದರೆ ಸಂಜೆಗೆ ಕಾಲರ್ ಕಪ್ಪು. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಮುಚ್ಚಿದ ಹೊಗೆಮಂಜಿನ ನಂತರ 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು, ಹೊಗೆ ಮೆಲ್ಲಗೆ ಇಳಿಯಿತು. ಜೊತೆಗೆ ಯುದ್ಧದ ರೇಷನ್ನಿನ ನೆನಪು. 1941ರ ಜೂನಿನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೆ ಕೂಪನ್, ಉಲ್ಲನ್ನಿಗೂ ಕೂಪನ್. ಹಳೆಯ ಸ್ವೆಟರು ಬಿಚ್ಚಿ, ಆ ಸುಕ್ಕುಗಟ್ಟಿದ ದಾರವನ್ನು ಲಡಿ ಮಾಡಿ ಒಗೆದು, ಮತ್ತೆ ಹೆಣೆದ ತಾಯಂದಿರ ಮಕ್ಕಳು 1970ರಲ್ಲಿ ಮೂವತ್ತು ನಲವತ್ತರ ಹೆಂಗಸರು. ಅತ್ತೆಯ ನೆರೆಹೊರೆಯವರು ಅವರೇ. ಬಾಲ್ಯವೆಲ್ಲ ಖಾಕಿ, ಬೂದು, ಬಿಚ್ಚಿದ ನೇವಿಯಲ್ಲಿ ಕಳೆದವರಿಗೆ ಅಂಗಡಿಯ ತುಂಬ ಲಿಂಬೆ ಹಸಿರು ಕಂಡರೆ ಏನನ್ನಿಸಿರಬೇಕು!

ಇನ್ನು, ಗಿಳಿಹಸಿರು ಮೈಗೆ ರಾಣಿ ಪಿಂಕ್ ಅಂಚಿನ ಮೈಸೂರು ಸಿಲ್ಕ್ ಉಟ್ಟು ಮದುವೆಮನೆಯ ಮೊದಲ ಸಾಲಿನಲ್ಲಿ ಕೂರುವ ನಾವು ಇನ್ನೊಬ್ಬರ ಬಣ್ಣಕ್ಕೆ ಅತಿ ಎನ್ನುವುದು ಸ್ವಲ್ಪ ಹೆಚ್ಚೇ ಆಯಿತು. ಆದರೂ ನಿಮ್ಮ ಕಣ್ಣಿಗೆ ಕುಕ್ಕಿದ್ದು ಸುಳ್ಳಲ್ಲ, ಅದಕ್ಕೆ ಕಾರಣವಿದೆ. ರೇಷ್ಮೆಯಲ್ಲಿ ಬೆಳಕು ಹರಿಯುತ್ತದೆ, ನೆರಿಗೆಯಲ್ಲಿ ಒಂದೇ ಬಣ್ಣ ಹತ್ತಾಗುತ್ತದೆ. ಹೆಣೆದ ಅಕ್ರಿಲಿಕ್ ಮೇಲೆ ಬೆಳಕು ಸತ್ತು ಬೀಳುತ್ತದೆ, ಬಣ್ಣ ಗೋಡೆಗೆ ಬಳಿದಂತೆ ಕೂರುತ್ತದೆ. ಅದರ ಮೇಲೆ ಅಚ್ಚಿನ ಶಾಯಿ, ಐವತ್ತು ವರ್ಷಕ್ಕೆ ಹಳದಿಗಟ್ಟಿದ ಕಾಗದ. ಹಾಳೆಯ ಮೇಲಿನ ಕಂದು ಅಂಗಡಿಯ ಉಂಡೆಯ ಕಂದಾಗಿತ್ತೆಂದು ನಂಬಬೇಡಿ. ಅದಕ್ಕೇ ಆಗಿನ ಹೆಂಗಸರು ಫೋಟೋ ನೋಡಿ ಬಣ್ಣ ಕೊಳ್ಳುತ್ತಿರಲಿಲ್ಲ. ಅಂಗಡಿಯಲ್ಲಿ ಶೇಡ್ ಕಾರ್ಡ್ ಇರುತ್ತಿತ್ತು, ದಾರದ ಚೂರುಗಳನ್ನು ಸಾಲಾಗಿ ಅಂಟಿಸಿದ್ದು. ಅದನ್ನು ಬಾಗಿಲ ಬೆಳಕಿಗೆ ಒಯ್ದು ಕೈಮೇಲೆ ಇಟ್ಟು ನೋಡುತ್ತಿದ್ದರು.

ಈಗ ನೀವೊಂದು ಕೆಲಸ ಮಾಡಿ. ಟ್ಯೂನಿಕ್ಕಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ. ನಾನು ನಿಮ್ಮ ಫೋಟೋವನ್ನು ಹಾಗೆ ಮಾಡಿ ನೋಡಿದೆ. ಕಂದು ಗಾಢವಾಗಿ ಹಿಂದೆ ಸರಿಯಿತು. ಕಿತ್ತಳೆ ಮತ್ತು ಹಸಿರು ಹೆಚ್ಚುಕಡಿಮೆ ಒಂದೇ ಬೂದು ಆದವು. ಕಣ್ಣು ಕುಕ್ಕುವುದರ ಗುಟ್ಟು ಇದೇ: ಬಣ್ಣ ಬೇರೆ, ಬೆಳಕಿನ ತೂಕ ಒಂದೇ. ಹೀಗಿರುವ ಎರಡು ಪಕ್ಕಪಕ್ಕ ಬಂದರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಕಣ್ಣಿಗೆ ತೀರ್ಮಾನವಾಗುವುದಿಲ್ಲ, ಅಂಚು ನಡುಗಿದಂತೆ ಕಾಣುತ್ತದೆ. ಇಳಕಲ್ ಸೀರೆ ನೋಡಿ. ಕೆಂಪು ಸೆರಗು ಸಾಧಾರಣ ಕೆಂಪೇನಲ್ಲ, ಆದರೆ ಪಕ್ಕದಲ್ಲಿ ಐದು ಮೀಟರು ಗಾಢ ಮೈ ಇದೆ, ಸೆರಗಿನೊಳಗೆ ಬಿಳಿ ತೆನೆ ಇದೆ. ಯಾರೂ ಯಾರೊಡನೆಯೂ ಜಗಳಕ್ಕೆ ನಿಂತಿಲ್ಲ.

ಬಣ್ಣ ತೆಗೆದ ಮೇಲೆ ಉಳಿಯುವುದನ್ನು ಗಮನಿಸಿ. ಭುಜದ ಇಳಿಜಾರು, ಕಂಕುಳಿನ ಬಳಿಯ ಕತ್ತರಿ, ತೋಳಿನ ತಲೆ, ಸೊಂಟದ ಬಳಿ ಸಣ್ಣಗೆ ಒಳಗೆ ಬಂದು ಮತ್ತೆ ಅಗಲವಾಗುವ ಗೆರೆ. ನಾನು ಈ ಹಳೆಯ ಹಾಳೆಗಳನ್ನು ಕೂಡಿಹಾಕುವುದು ಇದಕ್ಕೇ. ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಎಷ್ಟೋ ಪ್ಯಾಟರ್ನ್‌ಗಳು ನಾಲ್ಕು ಆಯತಗಳನ್ನು ಹೊಲಿದ ಚೀಲ. ಅಂದಿನವರು ದರ್ಜಿಯ ಹಾಗೆ ಯೋಚಿಸುತ್ತಿದ್ದರು. ತೋಳಿನ ತಲೆಯಲ್ಲಿ ಎಷ್ಟು ಸಾಲಿಗೊಮ್ಮೆ ಎಷ್ಟು ಕುಣಿಕೆ ಕಳೆಯಬೇಕು ಎನ್ನುವುದನ್ನು ತಲೆಯಲ್ಲಿ ಬೊಂಬೆ ನಿಲ್ಲಿಸಿಕೊಂಡು ಬರೆದಿದ್ದಾರೆ. ಒಂದು ಎಚ್ಚರ: 1970ರ ಸುಮಾರಿನ ಅಳತೆ ಮೈಗೆ ಒತ್ತಿಕೊಂಡಿರುತ್ತದೆ, ಎದೆಯ ಅಳತೆಗಿಂತ ಒಂದೆರಡು ಇಂಚು ಸಡಿಲ, ಅಷ್ಟೇ. ಸೀರೆಯ ರವಿಕೆ ತೊಟ್ಟು ರೂಢಿಯಿದ್ದವರಿಗೆ ಸರಿ, ಕುರ್ತಾ ರೂಢಿಯವರಿಗೆ ಬಿಗಿ ಅನ್ನಿಸುತ್ತದೆ. ಹಾಳೆಯಲ್ಲಿ ಆವರಣದೊಳಗೆ ಇರುವ ಅಂಕಿಗಳು ದೊಡ್ಡ ಅಳತೆಗಳಿಗೆ, ಅವುಗಳಲ್ಲಿ ಒಂದು ಅಳತೆ ದೊಡ್ಡದನ್ನು ಆರಿಸಿಕೊಳ್ಳಿ.

ಪ್ಯಾಂಟು ಮಾತ್ರ ಬೇಡ. ಹೆಣೆದ ಬಟ್ಟೆ ಎಳೆದತ್ತ ಹೋಗುತ್ತದೆ. ಒಂದು ಸಲ ಕೂತು ಎದ್ದರೆ ಮಂಡಿಯಲ್ಲಿ ಎರಡು ಚೀಲ, ಹಿಂದೆ ಒಂದು ಚೀಲ. ಈ ಹಾಳೆಗಳಲ್ಲಿ ಹೆಣೆದ ಈಜುಡುಪೂ ಇರುತ್ತದೆ, ನೀರಿಗಿಳಿದರೆ ಅದರ ಗತಿ ನೀವೇ ಊಹಿಸಿ.

ಆ ಅಂಕುಡೊಂಕು ನೋಡಿ ಹೆದರಬೇಡಿ, ಇಡೀ ಹಾಳೆಯಲ್ಲಿ ಸುಲಭದ ಕೆಲಸ ಅದೇ. 12 ಕುಣಿಕೆಯ ಒಂದು ಮಂತ್ರ, ಅದನ್ನೇ ಸಾಲುದ್ದಕ್ಕೂ ಜಪಿಸುವುದು. ಸಾಮಾನ್ಯವಾಗಿ ಹೀಗಿರುತ್ತದೆ: 4 ಹೆಣೆ, ಒಂದೇ ಕುಣಿಕೆಯಲ್ಲಿ ಮೂರು ಹುಟ್ಟಿಸು, ಮತ್ತೆ 4 ಹೆಣೆ, ಮುಂದಿನ ಮೂರನ್ನು ಸೇರಿಸಿ ಒಂದು ಮಾಡು. ಎರಡು ಹೆಚ್ಚಿತು, ಎರಡು ಕಳೆಯಿತು, ಒಟ್ಟು ಬದಲಾಗಲಿಲ್ಲ. ಹೆಚ್ಚಿಸಿದ ಕಡೆ ದಾರ ಗುಡ್ಡವಾಗಿ ಏಳುತ್ತದೆ, ಕಳೆದ ಕಡೆ ಕಣಿವೆಯಾಗಿ ಇಳಿಯುತ್ತದೆ. ನಿಮ್ಮ 99 ಕುಣಿಕೆಯೂ ಸುಮ್ಮನೆ ಬಂದದ್ದಲ್ಲ: ಹನ್ನೆರಡರ ಎಂಟು ಗುಂಪು, ಅಂಚಿಗೆ ಮೂರು. ಬಣ್ಣ ಬದಲಿಸುವುದು ಎರಡು ಸಾಲಿಗೊಮ್ಮೆ, ಒಂದು ಸಾಲಿನಲ್ಲಿ ಒಂದೇ ಬಣ್ಣ. ಸಾಲುಗಳು ಜೋಡಿಯಾಗಿರುವುದರಿಂದ ದಾರ ಯಾವಾಗಲೂ ಒಂದೇ ಅಂಚಿಗೆ ಬಂದು ನಿಲ್ಲುತ್ತದೆ. ಕತ್ತರಿಸುವುದು ಬೇಡ, ಅಂಚಿನಗುಂಟ ಸಡಿಲವಾಗಿ ಮೇಲಕ್ಕೆ ತಂದರಾಯಿತು. ಹೊಸಬರೂ ಹೆಣೆಯಬಹುದು, ನೋಡಿದವರು ಅಬ್ಬಾ ಅನ್ನಬೇಕು, ಮೂರು ಬಣ್ಣದ ಉಂಡೆ ಖರ್ಚಾಗಬೇಕು. ಗಿರಣಿಯವರಿಗೆ ಇದಕ್ಕಿಂತ ಇನ್ನೇನು ಬೇಕು.

ಸಂಕ್ಷೇಪಗಳಲ್ಲಿ ತೊಡಕು ಬಂದರೆ ಅಮೆರಿಕದ ವಿಡಿಯೊ ನೋಡುವಾಗ ಎರಡು ಮೂರು ಮಾತು ನೆನಪಿರಲಿ. ಬ್ರಿಟಿಷರ ‘ವುಲ್ ಫಾರ್ವರ್ಡ್’ ಎಂದರೆ ಅವರ ‘ಯಾರ್ನ್ ಓವರ್’. ‘ಕ್ಯಾಸ್ಟ್ ಆಫ್’ ಎಂದರೆ ‘ಬೈಂಡ್ ಆಫ್’. ‘ಟೆನ್ಷನ್’ ಎಂದರೆ ‘ಗೇಜ್’, ಅಂದರೆ ಇಂಚಿಗೆ ಎಷ್ಟು ಕುಣಿಕೆ ಎಂಬ ಲೆಕ್ಕ. ಕ್ರೋಶಾ ಹಾಳೆಗಳಿದ್ದರೆ ಇನ್ನೂ ಹುಷಾರು: ಬ್ರಿಟನ್ನಿನ ಡಬಲ್ ಅಮೆರಿಕದ ಸಿಂಗಲ್.

ಎಲ್ಲ ಸರಿಯಾಗಿ ಮಾಡಿಯೂ ಕುಣಿಕೆಗಳ ಲೆಕ್ಕ ಕೂಡದಿದ್ದರೆ ನಿಮ್ಮನ್ನೇ ಮೊದಲು ಬೈದುಕೊಳ್ಳಬೇಡಿ. ಅಚ್ಚಿನ ತಪ್ಪು ಬೇಕಾದಷ್ಟಿರುತ್ತಿತ್ತು, ತಿದ್ದುಪಡಿ ಮುಂದಿನ ಸಂಚಿಕೆಯ ಮೂಲೆಯಲ್ಲಿ ಬರುತ್ತಿತ್ತು. ಒಂದು ಹಳೆಯ ಪತ್ರಿಕೆಯ ತೋಳು ಹೆಣೆಯುತ್ತ ನಾನು ಎರಡು ಸಂಜೆ ಕಳೆದಿದ್ದೇನೆ. ‘6’ ಎಂದು ಇರಬೇಕಾದಲ್ಲಿ ‘9’ ಅಚ್ಚಾಗಿತ್ತು. ಇಸ್ತ್ರಿಯ ವಿಷಯದಲ್ಲಿ ಮಾತ್ರ ತಪ್ಪು ಪೂರ್ತಿ ನನ್ನದು. ಉಣ್ಣೆಗೆ ಬರೆದ ಹಾಳೆ, ಒದ್ದೆ ಬಟ್ಟೆ ಹಾಕಿ ಒತ್ತಿ ಎಂದಿತ್ತು. ನಾನು ಹೆಣೆದದ್ದು ಅಕ್ರಿಲಿಕ್ಕಿನಲ್ಲಿ. ಬಿಸಿ ಇಸ್ತ್ರಿ ಇಟ್ಟದ್ದೇ ತಡ, ಮೂರು ತಿಂಗಳ ಕೆಲಸ ಬಾಡಿದ ಕೆಸುವಿನೆಲೆಯ ಹಾಗೆ ಜೋತುಬಿತ್ತು, ಮತ್ತೆ ಪುಟಿಯಲೇ ಇಲ್ಲ. ಅಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಬೇಡಿ. ಒಗೆದು ಟವೆಲಿನ ಮೇಲೆ ಮಟ್ಟಸವಾಗಿ ಹರವಿ ಒಣಗಿಸಿ.

ಹಾಳೆಗಳ ಜೋಪಾನ: ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲಗೆ ಬಿಡಿಸಿ, ಆ ತೂತಿನಲ್ಲೇ ಹತ್ತಿ ನೂಲು ಪೋಣಿಸಿ. ಲ್ಯಾಮಿನೇಟ್ ಬೇಡ. ಹೆಣೆಯುವಾಗ ಗುರುತು ಹಾಕಿಕೊಳ್ಳಲು ನಿಮಗೋಸ್ಕರ ಒಂದು ಜೆರಾಕ್ಸ್ ಇರಲಿ, ಮೂಲದ ಮೇಲೆ ಪೆನ್ನು ತಾಗಿಸಬೇಡಿ. ಸ್ಕ್ಯಾನ್ ಮಾಡಿ ಮಾರುವುದು, ಗುಂಪುಗಳಲ್ಲಿ ಹಂಚುವುದು ಸಲ್ಲದು, 1970ರ ದಶಕದ ಈ ಹಾಳೆಗಳ ಕೃತಿಸ್ವಾಮ್ಯದ ಅವಧಿ ಇನ್ನೂ ಮುಗಿದಿಲ್ಲ. ಬೆಲೆಬಾಳುತ್ತವೆಯೇ ಎಂದು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಈ ಬಣ್ಣಗಳ ಗ್ರಹಚಾರವಂತೂ ಬದಲಾಗಿದೆ. ಹಾಡುಗಾರ ಹ್ಯಾರಿ ಸ್ಟೈಲ್ಸ್ 2020ರಲ್ಲಿ ತೊಟ್ಟ ಬಣ್ಣಬಣ್ಣದ ಚೌಕಗಳ ಕಾರ್ಡಿಗನ್ ಕಂಡು ಹುಡುಗಿಯರೆಲ್ಲ ಕಡ್ಡಿ ಹಿಡಿದರು, ವಿನ್ಯಾಸಕಾರ ಪ್ಯಾಟರ್ನನ್ನು ಉಚಿತವಾಗಿ ಕೊಟ್ಟರು, ಆ ಕಾರ್ಡಿಗನ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು. ಆದರೆ ಹಾಳೆಗಳು ಲಕ್ಷಗಟ್ಟಲೆ ಅಚ್ಚಾದವು, ಅವುಗಳಿಂದ ಸೈಟು ಕೊಳ್ಳಲಾಗುವುದಿಲ್ಲ. ವಿಂಚೆಸ್ಟರಿನ ಕಲಾಶಾಲೆಯಲ್ಲಿ ಹೆಣಿಗೆಗೆಂದೇ ಒಂದು ಗ್ರಂಥಾಲಯವಿದೆ, ಅಲ್ಲಿ ಇಂಥ ಹಾಳೆಗಳು ಸಾವಿರಗಟ್ಟಲೆ ಇವೆ. ಅಂಚಿನಲ್ಲಿ ಕನ್ನಡದ ಪೆನ್ಸಿಲ್ ಇರುವುದು ನಿಮ್ಮದೊಂದೇ ಇರಬಹುದು.

ಆ ಪೆನ್ಸಿಲಿಗೆ ಬರೋಣ. ಗೀಟುಗಳು ಸಾಲಿನ ಲೆಕ್ಕ: ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ‘34’ರ ಸುತ್ತ ಸೊನ್ನೆ ಸುತ್ತಿದ್ದಾರೆ, ಅವರ ಅಳತೆ. ‘ನೇ 12, ಬೂ 4, ಕಿ 1’ ಎನ್ನುವುದು ನನ್ನ ಓದಿನಲ್ಲಿ ಉಂಡೆಗಳ ಲೆಕ್ಕ: ನೇವಿ 12, ಬೂದು 4, ಕಿತ್ತಳೆ 1. ಒಟ್ಟು 17. ಹಾಳೆ ಕೇಳಿದ್ದು 18. ಎರಡು ತೋಳಿಗೂ ಎರಡೆರಡು ಇಂಚು, ಉದ್ದಕ್ಕೆ ಒಂದಿಂಚು ಕಳೆದಿದ್ದಾರಲ್ಲ, ನಾನು ಕೂತು ಗುಣಿಸಿ ನೋಡಿದೆ, ಸರಿಯಾಗಿ ಒಂದು ಔನ್ಸಿನ ಹತ್ತಿರ ಉಳಿಯುತ್ತದೆ. ಒಂದು ಉಂಡೆಯ ದುಡ್ಡು ಉಳಿಸಿದ್ದಾರೆ ನಿಮ್ಮ ಅತ್ತೆ. ಆಗ ಅಲ್ಲಿಯ ಉಲ್ಲನ್ ಅಂಗಡಿಗಳಲ್ಲಿ ಒಂದೇ ಡೈ ಲಾಟಿನ, ಅಂದರೆ ಒಂದೇ ಸಲ ಬಣ್ಣ ಹಾಕಿದ, ಉಂಡೆಗಳನ್ನು ನಿಮ್ಮ ಹೆಸರು ಬರೆದು ಎತ್ತಿಡುತ್ತಿದ್ದರು, ವಾರವಾರ ಕೈಲಾದಷ್ಟು ಕೊಂಡು ತರಬಹುದಿತ್ತು. ಹದಿನೇಳು ಉಂಡೆಗೆ ಎಷ್ಟು ವಾರ ಹಿಡಿಯಿತೋ.

ಅಂದರೆ ಅಂಗಡಿಯ ಕಿಟಕಿ ಅವರನ್ನೂ ನಿಲ್ಲಿಸಿದೆ, ಒಳಗೂ ಕರೆದಿದೆ. ಕಿತ್ತಳೆ 7, ಹಸಿರು 5 ಎಂದ ಜಾಗದಲ್ಲಿ ಕಿತ್ತಳೆ ಒಂದೇ ಒಂದು. ಎಲುಬುಗೂಡು ಹಾಳೆಯದು, ಬಣ್ಣ ಅವರದು. ನೀವೂ ಹಾಗೇ ಹೆಣೆಯಿರಿ. 4 ಮಿಲಿಮೀಟರಿನ ಕಡ್ಡಿ, ನೇವಿಯ ಮೈ, ಬೂದು ಪಟ್ಟೆ. ಮೈಸೂರಿನ ಚಳಿಗೆ ಮೆತ್ತನೆಯ ಮೆರಿನೊ ಅಥವಾ ಒಳ್ಳೆಯ ಅಕ್ರಿಲಿಕ್ ಬೆರಕೆ ಸಾಕು. ಪೂರ್ತಿ ಹತ್ತಿಯಾದರೆ ಅದರ ಭಾರಕ್ಕೆ ಟ್ಯೂನಿಕ್ ವರ್ಷದೊಳಗೆ ಮಂಡಿ ಮುಟ್ಟುತ್ತದೆ. ಕಿತ್ತಳೆಯ ಒಂದು ಉಂಡೆಯನ್ನು ಅವರು ಎಲ್ಲಿ ಹಾಕಿದ್ದರು ಎಂಬುದು ಹಾಳೆಯಲ್ಲಿ ಇಲ್ಲ. ಕತ್ತಿನ ಅಂಚಿಗೋ, ತೋಳಿನ ತುದಿಗೋ, ಬೂದು ಪಟ್ಟೆಗಳ ನಡುವೆ ಎರಡೆರಡು ಸಾಲೋ. ಆ ವರ್ಷಗಳ ಆಲ್ಬಂ ಮಾವನ ಕಪಾಟಿನಲ್ಲಿ ಇದ್ದೀತು, ಸೀರೆಯ ಮೇಲೆ ಟ್ಯೂನಿಕ್ ತೊಟ್ಟು ನಿಂತ ಫೋಟೋ ಸಿಕ್ಕರೆ ನೋಡಿ. ಕಪ್ಪು ಬಿಳುಪಿನದಾದರೂ ಪರವಾಗಿಲ್ಲ, ನೇವಿಯ ಪಕ್ಕ ಕಿತ್ತಳೆ ತೆಳ್ಳಗೆ, ಬೆಳ್ಳಗೆ ಎದ್ದು ಕಾಣುತ್ತದೆ. ಎಲ್ಲಿತ್ತೆಂದು ನನಗೂ ಒಂದು ಸಾಲು ಬರೆಯಿರಿ.